ಭೂಗೋಳಶಾಸ್ತ್ರದಲ್ಲಿ ಎಂ.ಎ. ಆಗಿದೆ. ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ ಅಳೆಯುವ) ಕೆಲಸಕ್ಕೆ ಯಾವ ಸಾಫ್ಟ್‌ವೇರ್ ಕಲಿಯಬೇಕು? ಸಾಲ ಮಾಡಿ ಬೆಂಗಳೂರಿನ ಕೋರ್ಸಿಗೆ ಸೇರಬಹುದೇ?

ಮಾನಸಗಂಗೋತ್ರಿಯಿಂದ ಹೊರಬಂದ ವರ್ಷ ನಾನೂ ಇದನ್ನೇ ಕಂಡಕಂಡವರಲ್ಲಿ ಕೇಳಿದ್ದೆ. ಒಂದು ಸಾಫ್ಟ್‌ವೇರ್ ಕಲಿತರೆ ಸಾಕು ಎಂದರು. ಕಲಿತೆ, ಮೈಸೂರಿನ ಸಣ್ಣ ಸಂಸ್ಥೆಯೊಂದರಲ್ಲಿ ಡಿಜಿಟೈಸಿಂಗ್ ಕೆಲಸಕ್ಕೆ ಸೇರಿದೆ. ಉಪಗ್ರಹ ಚಿತ್ರದ ಮೇಲೆ ಗದ್ದೆಯ ಬದು, ನಾಲೆ, ಬಂಡಿದಾರಿಗಳ ಗೆರೆ ಎಳೆಯುವುದರಲ್ಲಿ ನನ್ನ ಕೈ ಚುರುಕಾಗಿತ್ತು, ಹಾಗಾಗಿ ತಂಡದ ಹೊಣೆಯೂ ಬೇಗನೆ ಬಂತು.

ಆಗ ಮಂಡ್ಯದ ಸುತ್ತ, ವಿಶ್ವೇಶ್ವರಯ್ಯ ನಾಲೆಯ ಬಯಲಿನ ಕೆಲವು ಹಳ್ಳಿಗಳ ಜಮೀನುಗಳ ನಕ್ಷೆಯನ್ನೂ ವಿಸ್ತೀರ್ಣದ ಪಟ್ಟಿಯನ್ನೂ ಮಾಡಿಕೊಡುವ ಗುತ್ತಿಗೆ ಬಂತು. ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ವಿಧಾನಕ್ಕೆ ಪ್ರೊಜೆಕ್ಷನ್ ಎನ್ನುತ್ತಾರೆ. ಹಿನ್ನೆಲೆಯ ಚಿತ್ರ ವೆಬ್ ಮರ್ಕೇಟರ್ ಎಂಬ ಪ್ರೊಜೆಕ್ಷನ್‌ನಲ್ಲಿತ್ತು, ಅದರ ಸಂಕೇತ ಸಂಖ್ಯೆ ಇಪಿಎಸ್‌ಜಿ 3857. ನಾನು ಗೆರೆಗಳ ಪದರವಾದ ಲೇಯರನ್ನೂ ಅದರಲ್ಲೇ ಉಳಿಸಿ, ಅದರಲ್ಲೇ ವಿಸ್ತೀರ್ಣ ತೆಗೆದೆ. ಈ ಪ್ರೊಜೆಕ್ಷನ್ ಸಮಭಾಜಕದಿಂದ ದೂರ ಹೋದಷ್ಟೂ ನೆಲವನ್ನು ಹಿಗ್ಗಿಸಿ ತೋರಿಸುತ್ತದೆ. ಮಂಡ್ಯ ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ವಿಸ್ತೀರ್ಣ ಶೇ 5ಕ್ಕಿಂತ ತುಸು ಹೆಚ್ಚೇ ಹಿಗ್ಗುವುದರಿಂದ 40 ಗುಂಟೆಯ ಎಕರೆ 42 ಗುಂಟೆ ದಾಟುತ್ತದೆ. ಕ್ಯೂಜಿಐಎಸ್ ಎಂಬ ನಕ್ಷೆಯ ಸಾಫ್ಟ್‌ವೇರಿನಲ್ಲಿ ವಿಸ್ತೀರ್ಣದ ಲೆಕ್ಕ ಎರಡು ಬಗೆ: ಒಂದು ಭೂಮಿಯ ದುಂಡಗಿನ ಆಕಾರವನ್ನು ಗಮನಿಸುತ್ತದೆ, ಇನ್ನೊಂದು ಲೇಯರ್ ಇರುವ ಪ್ರೊಜೆಕ್ಷನ್ನನ್ನೇ ಚಪ್ಪಟೆ ಹಾಳೆಯೆಂದು ಅಳೆಯುತ್ತದೆ. ನಾನು ಬಳಸಿದ್ದು ಎರಡನೆಯದು. ಗೆರೆಗಳು ಚಿತ್ರದ ಬದುಗಳ ಮೇಲೆ ಸರಿಯಾಗಿಯೇ ಕುಳಿತಿದ್ದವು. ಎಲ್ಲ ಜಮೀನುಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗಿದ್ದರಿಂದ ಒಂದನ್ನು ಇನ್ನೊಂದರ ಜೊತೆ ಹೋಲಿಸಿದರೂ ಅನುಮಾನ ಬರುವಂತಿರಲಿಲ್ಲ. ಪಹಣಿಯ ಜೊತೆ ಹೋಲಿಸಿದ್ದರೆ ಮೊದಲ ಕೆಲವು ಸರ್ವೆ ನಂಬರುಗಳಲ್ಲೇ ತಿಳಿಯುತ್ತಿತ್ತು. ಆ ಹೋಲಿಕೆಯನ್ನು ಪಟ್ಟಿ ಪಡೆದವರು ಮಾಡಿದರು. ಉಳಿದ ಹಳ್ಳಿಗಳ ಗುತ್ತಿಗೆ ಬೇರೆಯವರ ಪಾಲಾಯಿತು, ನನ್ನ ಕೆಲಸವೂ ಹೋಯಿತು. ಮೈಸೂರು, ಮಂಡ್ಯಗಳೆರಡೂ 72ರಿಂದ 78 ಡಿಗ್ರಿ ಪೂರ್ವ ರೇಖಾಂಶದ ಯುಟಿಎಂ (ಭೂಮಿಯನ್ನು 6 ಡಿಗ್ರಿಯ ವಲಯಗಳಾಗಿ ಹಂಚಿ, ಅಳತೆ ಹೆಚ್ಚು ಕೆಡದಂತೆ ನಕ್ಷೆಗಿಳಿಸುವ ಪ್ರೊಜೆಕ್ಷನ್) 43ನೇ ವಲಯದಲ್ಲಿವೆ. ಲೇಯರನ್ನು ಆ ವಲಯದ ಇಪಿಎಸ್‌ಜಿ 32643ಕ್ಕೆ ಬದಲಿಸಿ ಅಳೆದಿದ್ದರೆ ಸಾಕಾಗಿತ್ತು.

ಆದ್ದರಿಂದ, ಯಾವ ಸಾಫ್ಟ್‌ವೇರ್ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬಟನ್‌ಗಳನ್ನು ಯಾರು ಬೇಕಾದರೂ ಕಲಿಯುತ್ತಾರೆ, ಗೆರೆ ಎಳೆಯುವುದನ್ನು ಈಗ ಯಂತ್ರವೂ ಮಾಡುತ್ತದೆ. ಬಂದ ಅಳತೆ ನಿಜವೇ ಎಂದು ಹೇಳಬಲ್ಲವರು ಕಡಿಮೆ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲಿಸಿದ ಮೇಲೆ ಭಾರತೀಯ ಸಂಸ್ಥೆಗಳು ಬಹುಪಾಲು ನಕ್ಷೆಗಳನ್ನು ಪೂರ್ವಾನುಮತಿಯಿಲ್ಲದೆ ತಯಾರಿಸಬಹುದಾಗಿದೆ, ಅಂಥವರ ಅಗತ್ಯವೂ ಅಷ್ಟೇ ಇದೆ.

ಸಾಲ ಮಾಡಬೇಡಿ. ಕ್ಯೂಜಿಐಎಸ್ ಉಚಿತವಾಗಿ ಸಿಗುತ್ತದೆ. ನಿಮ್ಮ ಊರಿನ ಗ್ರಾಮ ನಕ್ಷೆಯನ್ನು ಅದರಲ್ಲಿ ಸರಿಯಾದ ಸ್ಥಾನಕ್ಕೆ ಕೂರಿಸಿ, ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಹಿಡಿದು ಹೊಲದಲ್ಲಿ ನಿಂತು ಸರ್ವೆ ನಂಬರುಗಳನ್ನು ತಾಳೆ ನೋಡಿ, ಪ್ರತಿಯೊಂದರ ವಿಸ್ತೀರ್ಣವನ್ನೂ ಪಹಣಿಯ ಪಕ್ಕದಲ್ಲಿ ಬರೆಯಿರಿ. ಪಹಣಿಯಲ್ಲಿ ಖರಾಬು (ಸಾಗುವಳಿಗೆ ಬಾರದ ನೆಲ) ಸೇರಿದ ಒಟ್ಟು ವಿಸ್ತೀರ್ಣ ಯಾವುದು, ಕಳೆದದ್ದು ಯಾವುದು ಎಂಬುದನ್ನು ಗಮನಿಸಿ. ಪೈಥಾನ್ ಪ್ರೋಗ್ರಾಮಿಂಗ್ ಇದೆಲ್ಲ ಅರ್ಥವಾದ ಮೇಲಿರಲಿ. ಸಂದರ್ಶನಕ್ಕೆ ಹೋಗುವಾಗ ಪ್ರಮಾಣಪತ್ರಕ್ಕಿಂತ ಮೊದಲು ಆ ಪಟ್ಟಿಯನ್ನು ತೋರಿಸಿ, ವ್ಯತ್ಯಾಸ ಉಳಿದ ಸರ್ವೆ ನಂಬರುಗಳ ಎದುರು ಕಾರಣವನ್ನೂ ಬರೆದಿರಿ. ಹೊಸಬರನ್ನು ಆರಿಸುವಾಗ ನಾನೀಗ ಮೊದಲು ಕೇಳುವುದು ಆ ಕಾರಣಗಳನ್ನೇ.