ಅಣಬೆ ಕಡ್ಡಿ ಕೋಳಿಗೆ ಹಾಕಬಹುದಾ? – ಪ್ರತಿಕ್ರಿಯೆ

ಸೋಮವಾರಪೇಟೆಯಲ್ಲಿ ಚಿಪ್ಪಣಬೆ ಬೆಳೆಯುತ್ತೀರಿ, ಕತ್ತರಿಸಿ ಬಿಸಾಡುವ ಕಡ್ಡಿಯನ್ನು 40 ನಾಟಿ ಕೋಳಿಗಳಿಗೆ ಹಾಕಬಹುದಾ ಎಂದು ಕೇಳಿದ್ದೀರಲ್ಲ. ಖಂಡಿತ ಹಾಕಿ, ಆದರೆ ಒಣಗಿಸಿ. ಹಸಿ ಅಣಬೆಯಲ್ಲಿ ನೂರಕ್ಕೆ ಸುಮಾರು 90 ಭಾಗ ನೀರೇ. ನಮ್ಮ ಮಳೆಗಾಲದಲ್ಲಿ ಒಂದೇ ದಿನಕ್ಕೆ ಲೋಳೆಯಾಗುತ್ತದೆ. ನಾನು ಒಲೆ ಮೇಲಿನ ಅಟ್ಟದಲ್ಲಿ ಹರಡುತ್ತೇನೆ. ಮುರಿದರೆ ಪಟ್ಟೆನ್ನಬೇಕು, ಬಾಗಿದರೆ ಇನ್ನೂ ಒಣಗಿಲ್ಲ. ಆಮೇಲೆ ಮಿಕ್ಸಿಯಲ್ಲಿ ಪುಡಿ ಮಾಡಿ, ಕೆಜಿ ಆಹಾರಕ್ಕೆ 10 ಗ್ರಾಂ ಬೆರೆಸಿ. ಜಾಸ್ತಿ ಹಾಕಿದರೆ ಜಾಸ್ತಿ ಲಾಭ ಅಂತೇನಿಲ್ಲ, ನಾರು ಹೆಚ್ಚಾಗಿ ಮರಿಗಳಿಗೆ ಜೀರ್ಣವಾಗುವುದಿಲ್ಲ.

ಅಣಬೆಯಲ್ಲಿರುವ ಬೀಟಾ ಗ್ಲುಕಾನ್ ಎಂಬ ನಾರಿನಂಶ ರೋಗನಿರೋಧಕ ಶಕ್ತಿಯನ್ನು ಚುರುಕುಗೊಳಿಸುತ್ತದೆ, ನಿಜ. ಹಾಗಂತ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ತಪ್ಪಿಸಬೇಡಿ. ತೂಕ ದುಪ್ಪಟ್ಟಾಗುತ್ತದೆ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಿರಿ.

ಅಣಬೆ ಬೆಳೆ ಮುಗಿದ ಚೀಲಗಳ ಹುಲ್ಲನ್ನು ಮಾತ್ರ ಕೋಳಿಗೆ ಕೊಡಬೇಡಿ. ಹಸಿರು, ಕಪ್ಪು ಬೂಷ್ಟು ಹಿಡಿದಿದ್ದರೆ ವಿಷವಾಗಬಹುದು. ಕಾಫಿ ಗಿಡದ ಬುಡಕ್ಕೆ ಗೊಬ್ಬರವಾಗಲಿ. ತೋಟದಲ್ಲಿ ತಾನಾಗಿ ಏಳುವ ಕುಮ್ಮೂ (ಕಾಡು ಅಣಬೆ) ಬೇಡ. ತಿನ್ನುವ ಜಾತಿ ಗೊತ್ತಿದ್ದರೆ ಅದು ನಿಮ್ಮ ಸಾರಿಗೇ ಇರಲಿ, ಕೋಳಿಗ್ಯಾಕೆ!

ಮೊದಲು ಹತ್ತು ಕೋಳಿಗೆ ಎರಡು ವಾರ ಕೊಟ್ಟು ಹಿಕ್ಕೆ ನೋಡಿ. ತೆಳ್ಳಗಾದರೆ ನಿಲ್ಲಿಸಿ.