ಆ ಇಪ್ಪತ್ತು ನಿಮಿಷ ಕಥೆಯಲ್ಲಿ ಯಾಕಿಲ್ಲ?

ನಮಸ್ಕಾರ.

ನಿಮ್ಮ ‘ಸೀಟು’ ಕಥೆಯನ್ನು ಮೂರು ಸಲ ಓದಿದೆ. ಈಗಿರುವ ಹಾಗೆ ಅದನ್ನು ನಮ್ಮ ಪುರವಣಿಯಲ್ಲಿ ಹಾಕಲು ಆಗುವುದಿಲ್ಲ. ಕಾಯುವುದರ ಬಗ್ಗೆಯೇ ಕಥೆ ಬರೆದವರನ್ನು ನಾನು ಪತ್ರದ ಕೊನೆವರೆಗೆ ಕಾಯಿಸಬಾರದು ಅಂತ ಇದನ್ನು ಮೊದಲೇ ಹೇಳುತ್ತಿದ್ದೇನೆ. ತಿದ್ದಿ ಕಳಿಸಿದರೆ ಖಂಡಿತ ಓದುತ್ತೇನೆ. ಹೇಗೆ ತಿದ್ದಬಹುದು ಅಂತ ಹೇಳಲಿಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಒಪ್ಪಿದ್ದರಿಂದ ಈ ಉತ್ತರವನ್ನು ಹೆಸರು ತೆಗೆದು ಇಲ್ಲಿ ಅಚ್ಚು ಮಾಡುತ್ತಿದ್ದೇವೆ. ಕಥೆ ಓದದವರಿಗಾಗಿ ಎರಡು ಮಾತು. ಮುಂಡರಗಿ ಕಡೆಯ ಒಂದು ಹಳ್ಳಿ. ಒಕ್ಕಲುತನದ ಮನೆ. ಮಗಳು ಪಿಯುಸಿ ಮುಗಿಸಿ ಮೆಡಿಕಲ್ ಸೀಟಿಗೆ ಕಾಯುತ್ತಾಳೆ. ಅವಳಿಗೆ ಗದಗಿನ ಸರ್ಕಾರಿ ಮೆಡಿಕಲ್ ಕಾಲೇಜೇ ಬೇಕು, ಮನೆಗೆ ಹತ್ತಿರ. ಸೀಟು ಸಿಗುವುದಿಲ್ಲ. ರಾತ್ರಿ ಅವಳು ಕೆರೆ ಕಡೆ ನಡೆಯುತ್ತಾಳೆ, ಅಪ್ಪ ಓಡಿ ಬಂದು ಹಿಡಿದುಕೊಳ್ಳುತ್ತಾನೆ. ಇದು 2024ರಲ್ಲಿ ನಿಮ್ಮ ತಂಗಿಗೆ ಆದ ಅನುಭವದಿಂದ ಹುಟ್ಟಿದ್ದು ಅಂತ ಜೊತೆಗಿಟ್ಟ ಪತ್ರದಲ್ಲಿ ಬರೆದಿದ್ದೀರಿ.

ಮೊದಲ ಒಂದೂವರೆ ಪುಟ ತೆಗೆದುಬಿಡಿ. ವಿದ್ಯೆ ಅಂದರೇನು, ಈಗಿನ ಕಾಲದ ಪೈಪೋಟಿ ಎಂಥದ್ದು ಅನ್ನುವ ಮಾತು ಅಲ್ಲಿದೆ. ತಪ್ಪೇನಲ್ಲ, ಆದರೆ ಅದು ಭಾಷಣ. ಕಥೆ ಶುರುವಾಗುವುದು ಎರಡನೇ ಪುಟದ ನಡುವೆ, ಅಪ್ಪ ಹೊಲದಿಂದ ಬಂದು ಕೈಕಾಲು ತೊಳೆಯುವ ಮೊದಲೇ ‘ಲಿಸ್ಟ್ ಬಿಟ್ಟಾರೇನು?’ ಅಂತ ಕೇಳುವಲ್ಲಿ.

ಈಗ ನನಗೆ ನಿಜವಾಗಿ ಬೇಸರವಾದ ಸಾಲಿಗೆ ಬರುತ್ತೇನೆ. ಮೂರನೇ ಪುಟದಲ್ಲಿ ‘ಹೀಗೇ ಎರಡು ತಿಂಗಳು ಕಳೆದವು’ ಅಂತ ಬರೆದಿದ್ದೀರಿ. ಆ ಎರಡು ತಿಂಗಳೇ ಅಲ್ವಾ ನಿಮ್ಮ ಕಥೆ? ಅದನ್ನು ನಾಲ್ಕು ಪದದಲ್ಲಿ ಮುಗಿಸಿ, ಕೆರೆ ದಂಡೆಗೆ ಎರಡು ಪುಟ ಕೊಟ್ಟಿದ್ದೀರಿ.

2024ರ ಆ ದಿನಗಳನ್ನು ನೆನಪು ಮಾಡಿಕೊಳ್ಳಿ. ನೀಟ್ ಫಲಿತಾಂಶ ಬಂದದ್ದು ಜೂನ್ 4ಕ್ಕೆ. ಅದರ ಬೆನ್ನಿಗೇ ಪ್ರಶ್ನೆಪತ್ರಿಕೆ ಸೋರಿಕೆಯ ಗಲಾಟೆ, ಕೃಪಾಂಕದ ಗಲಾಟೆ. ಮತ್ತೆ ಪರೀಕ್ಷೆ ಬರೆಯಬೇಕೋ ಬೇಡವೋ ಅಂತ ಲಕ್ಷಾಂತರ ಮನೆಗಳು ಸುಪ್ರೀಂ ಕೋರ್ಟ್ ಕಡೆ ನೋಡುತ್ತ ಕೂತವು. ಮರುಪರೀಕ್ಷೆ ಬೇಡ ಅಂತ ಕೋರ್ಟ್ ಹೇಳಿದ್ದು ಜುಲೈ 23ಕ್ಕೆ. ಅಂದರೆ ನಿಮ್ಮ ತಂಗಿ ಏಳು ವಾರ ಪುಸ್ತಕ ಮುಚ್ಚುವ ಹಾಗೂ ಇರಲಿಲ್ಲ, ತೆರೆಯುವ ಹಾಗೂ ಇರಲಿಲ್ಲ. ಆ ಪುಸ್ತಕಗಳು ಆಗ ಎಲ್ಲಿದ್ದವು? ಮೇಜಿನ ಮೇಲೋ, ಅಟ್ಟದ ಮೇಲೋ, ಬೇರೆ ಹುಡುಗಿಗೆ ಕೊಡಲು ಕಟ್ಟಿಟ್ಟಿದ್ದಿರೋ? ನನಗೆ ಅದು ಗೊತ್ತಾಗಬೇಕು.

ನಿಮ್ಮ ಕಡೆ ಎರೆಹೊಲ. ಮಿರಗದ ಮಳೆ ಹಿಡಿದರೆ ಹೆಸರು ಬಿತ್ತುತ್ತೀರಿ, ಆಗಸ್ಟ್ ಹೊತ್ತಿಗೆ ಕಾಯಿ ಬಿಡಿಸಲು ಆಳು ಹುಡುಕುತ್ತೀರಿ. ಮನೆಯವರ ಕಾಯುವಿಕೆ ಹೆಸರು ಬಿತ್ತುವಾಗ ಶುರುವಾಗಿ, ಹೆಸರು ಬಿಡಿಸುವಾಗಲೂ ಮುಗಿದಿರಲಿಲ್ಲ. ನಡುವೆ ಕಾರಹುಣ್ಣಿಮೆ ಬಂತು, ಮಣ್ಣೆತ್ತಿನ ಅಮಾವಾಸ್ಯೆ ಬಂತು, ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬಂದರು. ಬಂದವರೆಲ್ಲ ಉಂಡಿ ತಿನ್ನುತ್ತ ಒಂದೇ ಪ್ರಶ್ನೆ ಕೇಳಿರುತ್ತಾರೆ. ಅಪ್ಪ ಮಳೆಗೂ ಕಾಯುತ್ತಿದ್ದ, ಲಿಸ್ಟಿಗೂ ಕಾಯುತ್ತಿದ್ದ. ಮಳೆಗೆ ಕಾಯುವುದು ಅವನಿಗೆ ಗೊತ್ತು. ಮೋಡ ನೋಡಬಹುದು, ಗಾಳಿ ನೋಡಬಹುದು, ಪಕ್ಕದ ಹೊಲದವನ ಜೊತೆ ಮಾತಾಡಬಹುದು. ಲಿಸ್ಟಿಗೆ ಕಾಯುವಾಗ ಎತ್ತ ನೋಡಬೇಕು ಅಂತ ಅವನಿಗೆ ಗೊತ್ತಿಲ್ಲ. ಆ ಮನುಷ್ಯನನ್ನು ಬರೆಯಿರಿ.

ಒಂದು ಕಡೆ ನೀವು ಬರೆದೇ ಇದ್ದೀರಿ. ‘ಪ್ಯಾಕ್ ಮುಗಿಯಲು ಇನ್ನೂ ಹನ್ನೊಂದು ದಿನ ಇತ್ತು. ಅಪ್ಪ ಹೋಗಿ ಮತ್ತೆ ರೀಚಾರ್ಜ್ ಮಾಡಿಸಿಕೊಂಡು ಬಂದ.’ ಈ ಸಾಲು ಓದಿ ಕಾಗದ ಕೆಳಗಿಟ್ಟೆ. ಅಪ್ಪ ಏನೂ ಮಾತಾಡಿಲ್ಲ, ನೀವೂ ಏನೂ ವಿವರಿಸಿಲ್ಲ. ನೆಟ್ ನಿಂತುಹೋದರೆ ಮಗಳ ಸೀಟೇ ಹೋದೀತು ಅನ್ನುವ ಅವನ ಹೆದರಿಕೆ ಪೂರ್ತಿ ಅಲ್ಲಿದೆ. ಆದರೆ ಮುಂದಿನ ಸಾಲಿನಲ್ಲೇ ‘ತಂದೆಯ ಪ್ರೀತಿ ಸಾಗರದಂತೆ ಆಳವಾದದ್ದು’ ಅಂತ ಸೇರಿಸಿದ್ದೀರಿ. ಅದನ್ನು ಹೊಡೆದುಹಾಕಿ. ನಿಮ್ಮ ಓದುಗರಿಗೆ ಅದು ಆಗಲೇ ತಿಳಿದಿರುತ್ತದೆ.

ಕೆಲವು ಸಂಗತಿ ತಪ್ಪಾಗಿವೆ. ಕಾಲೇಜಿನಿಂದ ಅಂಚೆಯಲ್ಲಿ ಪತ್ರ ಬರುತ್ತದೆ ಅಂತ ಬರೆದಿದ್ದೀರಿ. ನಮ್ಮಲ್ಲಿ ಹಾಗೆ ನಡೆಯುವುದಿಲ್ಲ, ನಿಮಗೂ ಗೊತ್ತು. ಮೆಡಿಕಲ್‌ಗೆ ಸಿಇಟಿ ರ‍್ಯಾಂಕ್ ಅಂದಿದ್ದೀರಿ. ರ‍್ಯಾಂಕ್ ನೀಟ್‌ನದು, ರಾಜ್ಯದ ಪಾಲಿನ ಸೀಟು ಹಂಚುವುದು ಬೆಂಗಳೂರಿನ ಪರೀಕ್ಷಾ ಪ್ರಾಧಿಕಾರ. ಇನ್ನೊಂದು ದೊಡ್ಡ ತಪ್ಪು, ಗದಗ ಜಿಲ್ಲೆಯ ಹುಡುಗಿಗೆ 371ಜೆ ಮೀಸಲಾತಿ, ಅಂದರೆ ಸಂವಿಧಾನದ ಆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಸಿಗುವ ಮೀಸಲಾತಿ, ಕೊಟ್ಟಿರುವುದು. ಅದು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಈ ಏಳು ಜಿಲ್ಲೆಗಳಿಗೆ. ಗದಗಿಗೆ ಇಲ್ಲ. ಆದರೆ ಈ ತಪ್ಪಿನ ಒಳಗೇ ಒಂದು ಒಳ್ಳೆಯ ಸಂಗತಿ ಇದೆ. ಮುಂಡರಗಿಯಿಂದ ತುಂಗಭದ್ರಾ ಹೊಳೆ ದಾಟಿದರೆ ವಿಜಯನಗರ ಜಿಲ್ಲೆಯ ಹಡಗಲಿ ತಾಲೂಕು. ಅದೇ ನೀರು, ಅದೇ ಮಾತು, ಹೆಣ್ಣು ಕೊಟ್ಟು ತಂದುಕೊಂಡ ಮನೆಗಳು. ಆಚೆ ದಂಡೆಯ ಸೋದರಮಾವನ ಮಗಳಿಗೆ ಇರುವ ಮೀಸಲಾತಿ ಈಚೆ ದಂಡೆಯ ನಿಮ್ಮ ಹುಡುಗಿಗೆ ಇಲ್ಲ. ಇಬ್ಬರೂ ಒಂದೇ ವರ್ಷ ಕಾಯುತ್ತಿದ್ದರೆ ಪಂಚಮಿಯ ಜೋಕಾಲಿಯಲ್ಲಿ ಅವರು ಏನು ಮಾತಾಡುತ್ತಾರೆ? ಯಾರನ್ನೂ ದೂರದೆ ಬರೆಯಲು ಆದರೆ ಬರೆಯಿರಿ.

‘ಮಾಕ್’ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ಪತ್ರಿಕೆಯವರು ನಾವು ಅದನ್ನು ಅಣಕು ಸೀಟು ಹಂಚಿಕೆ ಅನ್ನುತ್ತೇವೆ. ಸದ್ಯದ ಲೆಕ್ಕದಲ್ಲಿ ನಿಮಗೆ ಇಂಥದ್ದು ಸಿಗಬಹುದು ಅಂತ ತೋರಿಸುತ್ತಾರೆ, ಆಮೇಲೆ ಕಾಲೇಜುಗಳ ಕ್ರಮ ಬದಲಿಸಲು ಅವಕಾಶ ಕೊಡುತ್ತಾರೆ. ಅದು ಸೀಟು ಅಲ್ಲ. ಆದರೆ ಕಾದು ಕಾದು ಸಾಕಾದ ಮನೆಗೆ ಪರದೆ ಮೇಲೆ ಕಾಲೇಜಿನ ಹೆಸರು ಕಂಡರೆ ಅದು ಸೀಟೇ. ಧಾರವಾಡದಲ್ಲಿ ನಮ್ಮ ಓಣಿಯ ಒಂದು ಮನೆಯವರು ಮಾಕ್ ದಿನವೇ ಪೇಡೆ ಹಂಚಿದರು. ನಾನೂ ತಿಂದೆ. ಮೊದಲ ಸುತ್ತಿನಲ್ಲಿ ಬೇರೆಯದೇ ಬಂತು. ಆ ತಾಯಿ ಮುಂದೆ ಎಂಟು ದಿನ ಹಾಲು ತರಲು ಹಿಂದಿನ ಸಂದಿಯಿಂದ ಹೋಗುತ್ತಿದ್ದರು. ಪೇಡೆ ತಿಂದ ನಾವ್ಯಾರೂ ಏನೂ ಕೇಳಲಿಲ್ಲ. ಕೇಳಬೇಕಿತ್ತೋ ಸುಮ್ನೆ ಇದ್ದದ್ದೇ ಒಳ್ಳೆಯದಾಯಿತೋ, ಇವತ್ತಿಗೂ ಯೋಚಿಸುತ್ತೇನೆ.

ಆಮೇಲೆ, ಸುತ್ತಿನಲ್ಲಿ ಸಿಕ್ಕ ಸೀಟನ್ನು ಏನು ಮಾಡಬೇಕು ಅಂತ ಚಾಯ್ಸ್ ಒತ್ತುವ ದಿನ. ಒಂದು ಒತ್ತಿದರೆ ಇದೇ ಸಾಕು ಅಂತ ಫೀ ಕಟ್ಟಿ ಸೇರುವುದು. ಎರಡು ಒತ್ತಿದರೆ ಇದನ್ನು ಕೈಯಲ್ಲಿಟ್ಟುಕೊಂಡು ಮೇಲಿನದಕ್ಕೆ ಕಾಯುವುದು, ಮೇಲಿನದು ಸಿಕ್ಕರೆ ಕೈಯಲ್ಲಿದ್ದದ್ದು ತಾನಾಗಿ ಹೋಗುತ್ತದೆ. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತು ನೋಡೋಣ. ನಾಲ್ಕು ಅಂದರೆ ಪೂರ್ತಿ ಹೊರಗೆ. ತೀರ್ಮಾನಕ್ಕೆ ಕೆಲವೇ ದಿನ. ಆ ರಾತ್ರಿ ಎಷ್ಟೋ ಮನೆಗಳಲ್ಲಿ ಅನ್ನ ಆರುತ್ತದೆ. ಅಪ್ಪನಿಗೆ ಸಿಕ್ಕದ್ದನ್ನು ಹಿಡಿಯಬೇಕು. ಮಗಳಿಗೆ ಇನ್ನೊಂದು ಸುತ್ತು ನೋಡಬೇಕು. ಅವ್ವನಿಗೆ ಹಾಸ್ಟೆಲ್ ಎಷ್ಟು ದೂರ ಅನ್ನುವುದಷ್ಟೇ ಚಿಂತೆ. ಮೂವರೂ ಸರಿ. ಕಥೆಗಾರನಿಗೆ ಇದಕ್ಕಿಂತ ಜಾಸ್ತಿ ಏನು ಬೇಕು?

ಮಾತುಕತೆಯ ಬಗ್ಗೆ. ‘ಅಮ್ಮಾ, ನನಗೆ ತುಂಬಾ ಆತಂಕವಾಗುತ್ತಿದೆ’ ಅಂತ ನಿಮ್ಮ ಹುಡುಗಿ ಹೇಳುತ್ತಾಳೆ. ಮುಂಡರಗಿಯ ಹುಡುಗಿ ಅವ್ವನ ಹತ್ತಿರ ಹೀಗೆ ಮಾತಾಡುತ್ತಾಳಾ? ‘ಯವ್ವಾ, ಎದಿ ಡವಡವ ಅನ್ನಾಕತ್ತೈತಿ ಬೇ’ ಅನ್ನುತ್ತಾಳೆ. ಧಾರವಾಡದ ಕೆಲವು ಮನೆಗಳಲ್ಲಿ ‘ಅನ್ಲಿಕ್ಕತ್ತದ’ ಅಂದಾರು. ಆ ವ್ಯತ್ಯಾಸ ನಿಮ್ಮ ಕಿವಿಗೆ ಗೊತ್ತಿದೆ. ಬರೆಯುವಾಗ ಕಿವಿಯನ್ನು ನಂಬಿ.

ಕೆರೆಯ ವಿಷಯಕ್ಕೆ ಬರುತ್ತೇನೆ. ಆ ಮುಕ್ತಾಯವನ್ನು ನಾನು ಅಚ್ಚು ಹಾಕುವುದಿಲ್ಲ, ಎಷ್ಟು ಚೆನ್ನಾಗಿ ಬರೆದರೂ. ನಿಮ್ಮ ತಂಗಿ ಕೆರೆಗೆ ಹೋಗಲಿಲ್ಲ ಅಂತ ಪತ್ರದಲ್ಲಿ ನೀವೇ ಹೇಳಿದ್ದೀರಿ. ಅವಳು ಈಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಕಥೆಗೆ ಬಿಗಿ ಬರಲಿ ಅಂತ ಅವಳನ್ನು ಅಲ್ಲಿಗೆ ನಡೆಸಿದ್ದೀರಿ. ನಮ್ಮ ಪುರವಣಿ ಓದುವವರಲ್ಲಿ ಈಗ ನಿಜವಾಗಿ ಲಿಸ್ಟಿಗೆ ಕಾಯುತ್ತಿರುವ ಮಕ್ಕಳಿದ್ದಾರೆ. ಸೀಟು ಸಿಗದಿದ್ದರೆ ಮುಂದಿನ ದಾರಿ ಇದು ಅಂತ ಅವರಿಗೆ ನಾನು ತೋರಿಸಲಾರೆ. ಇದನ್ನು ಓದುತ್ತಿರುವ ಯಾರಿಗಾದರೂ ಮನಸ್ಸು ಅಷ್ಟು ಭಾರವಾಗಿದ್ದರೆ ಒಬ್ಬರೇ ಕೂರಬೇಡಿ, ಮನೆಯವರಲ್ಲಿ ಯಾರಿಗಾದರೂ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೀಳುವುದಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೂ ಹೋಗಬಹುದು.

ನಿಜವಾಗಿ ಆದದ್ದು ಕೆರೆಗಿಂತ ಎಷ್ಟೋ ಚೆನ್ನಾಗಿದೆ. ಕೃಷಿ ಪದವಿಯಲ್ಲಿ ರೈತರ ಮಕ್ಕಳ ಕೋಟಾಕ್ಕೆ ಒಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಬೆಳೆ, ಸಲಕರಣೆ ಇಟ್ಟು ಇದು ಯಾವುದು ಅಂತ ಕೇಳುತ್ತಾರೆ. ತಂಗಿ ಅದನ್ನು ಬರೆದಳು, ಅಪ್ಪ ಮನೆಯಲ್ಲೇ ತಯಾರಿ ಮಾಡಿಸಿದ ಅಂತ ಪತ್ರದಲ್ಲಿ ಒಂದೇ ಸಾಲು ಇದೆ. ಫಿಸಿಕ್ಸ್, ಕೆಮಿಸ್ಟ್ರಿಯಲ್ಲಿ ಮಗಳಿಗೆ ಏನೂ ಹೇಳಿಕೊಡಲು ಆಗದ ಅಪ್ಪ, ಅಂಗೈಯಲ್ಲಿ ಬೀಜ ಹಿಡಿದು ‘ಇದು ಯಾವುದು ಹೇಳು ತಂಗಿ’ ಅಂತ ಕೇಳಿದ ಆ ಸಂಜೆ ಕಥೆಯಲ್ಲಿ ಯಾಕಿಲ್ಲ?

ನಾನೂ ಒಂದು ಸಲ ಕಾದವಳು. 1998ರಲ್ಲಿ ಕೌನ್ಸೆಲಿಂಗ್‌ಗೆ ಬೆಂಗಳೂರಿಗೇ ಹೋಗಬೇಕಿತ್ತು. ಅಪ್ಪನ ಜೊತೆ ರಾತ್ರಿ ರೈಲಿನಲ್ಲಿ ಹೋದೆ. ದೊಡ್ಡ ಸಭಾಂಗಣ, ಉಳಿದ ಸೀಟುಗಳ ಲೆಕ್ಕ ಪರದೆ ಮೇಲೆ ಒಂದೊಂದೇ ಇಳಿಯುತ್ತಿತ್ತು. ಅಪ್ಪ ಸರ್ಟಿಫಿಕೇಟುಗಳ ಫೈಲನ್ನು ತೊಡೆ ಮೇಲೆ ಇಟ್ಟುಕೊಂಡು, ನಮ್ಮ ನಂಬರ್ ಕರೆದುಬಿಟ್ಟಾರು ಅಂತ ನೀರು ಕುಡಿಯಲೂ ಏಳಲಿಲ್ಲ. ನನಗೆ ಬೇಕಿದ್ದ ಹುಬ್ಬಳ್ಳಿಯ ಸೀಟು ನಮ್ಮ ಕಣ್ಣೆದುರೇ ಮುಗಿಯಿತು. ಪಕ್ಕದಲ್ಲಿ ಕೂತಿದ್ದ ಹಾವೇರಿ ಕಡೆಯವರೊಬ್ಬರು ತಮ್ಮ ಬುತ್ತಿ ಬಿಚ್ಚಿ ಅಪ್ಪನ ಕೈಗೆ ರೊಟ್ಟಿ ಕೊಟ್ಟರು. ಅವರ ಮಗನಿಗೂ ಬೇಕಾದದ್ದು ಸಿಕ್ಕಿರಲಿಲ್ಲ. ಆಗ ಪಕ್ಕದಲ್ಲಿ ಕಾಯುವವರ ಮುಖ ಕಾಣುತ್ತಿತ್ತು. ಈಗ ಒಂದೊಂದು ಮನೆ ಒಂದೊಂದು ಫೋನ್ ಹಿಡಿದು ಬೇರೆ ಬೇರೆ ಕಾಯುತ್ತದೆ. ನಿಮ್ಮಂಥವರು ಬರೆಯದಿದ್ದರೆ ಆ ಮುಖಗಳು ಯಾರಿಗೂ ಕಾಣುವುದಿಲ್ಲ.

ಕೊನೆಗೆ, ನಿಮ್ಮ ಪತ್ರದ ಇನ್ನೊಂದು ಸಾಲು. ಆಗ ನೀವು ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಕೆಲಸಕ್ಕಿದ್ದಿರಿ. ಊರಲ್ಲಿ ನೆಟ್ ಸಿಗುತ್ತಿರಲಿಲ್ಲ. ತಂಗಿಯ ನಂಬರ್ ಹಾಕಿ ಮೊದಲು ನೋಡಿದ್ದು ನೀವು. ಗದಗಿನ ಸೀಟು ಸಿಗಲಿಲ್ಲ ಅಂತ ಮೊದಲು ತಿಳಿದದ್ದು ನಿಮಗೆ. ‘ಮನೆಗೆ ಫೋನ್ ಮಾಡಲು ಇಪ್ಪತ್ತು ನಿಮಿಷ ತಡ ಮಾಡಿದೆ ಮೇಡಂ’ ಅಂತ ಬರೆದಿದ್ದೀರಿ.

ಕಥೆಯಲ್ಲಿ ಅಣ್ಣನೇ ಇಲ್ಲ. ಅಪ್ಪ ಇದ್ದಾನೆ, ಅವ್ವ ಇದ್ದಾಳೆ, ಕುಹಕ ಮಾತಾಡುವ ಪಕ್ಕದ ಮನೆಯ ಹೆಂಗಸೂ ಇದ್ದಾಳೆ. ನಿಮ್ಮನ್ನು ನೀವೇ ಯಾಕೆ ಬಿಟ್ಟಿರಿ? ಆ ಇಪ್ಪತ್ತು ನಿಮಿಷ ಎಲ್ಲಿ ನಿಂತಿದ್ದಿರಿ, ಸುತ್ತ ಏನು ಸದ್ದಿತ್ತು, ಮೊದಲು ಯಾರ ನಂಬರ್ ಒತ್ತಿದಿರಿ, ಫೋನ್ ಎತ್ತಿದವರು ಯಾರು? ಅಲ್ಲಿಂದ ಶುರು ಮಾಡಿ ನೋಡಿ.

ಎಂಟು ಪುಟ ದಾಟದಿರಲಿ. ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸಿದರೂ ನಡೆಯುತ್ತದೆ. ಕಳಿಸುವ ಮೊದಲು ಒಂದು ಸಲ ತಂಗಿಗೆ ಓದಿ ಹೇಳಿ. ಇದು ಅವಳದೂ ಹೌದು. ಅವಳು ಬೇಡ ಅಂದ ಭಾಗ ತೆಗೆದು, ಉಳಿದದ್ದನ್ನು ನನ್ನ ಹೆಸರಿಗೇ ಕಳಿಸಿ.