‘ಕುಲುಪ್’: ರಾಶೆಲ್ ಪ್ರೀತಿಗೆ ತಾಯಿ ಯಾಕಿಷ್ಟು ಅಡ್ಡ ಬರುತ್ತಾಳೆ?

1950ರ ದಶಕದ ಇಸ್ತಾಂಬುಲ್‌ನಲ್ಲಿ ನಡೆಯುವ ಟರ್ಕಿಶ್ ಸರಣಿ ‘ಕುಲುಪ್’ ಅನ್ನು ನೀವು ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ನೋಡುತ್ತಿದ್ದೀರಿ ಅನ್ಸುತ್ತೆ. ‘ರಾಶೆಲ್ ಪ್ರೀತಿಸೋ ಹುಡುಗ ಇಸ್ಮೆತ್ ಒಳ್ಳೆಯವನೇ ಅಲ್ವಾ, ಅವಳ ತಾಯಿ ಮಟಿಲ್ಡಾ ಸುಮ್ನೆ ಹಠ ಮಾಡ್ತಾಳೆ’ ಅಂತ ಕೇಳಿದ್ದೀರಿ. ಡಬ್ಬಿಂಗ್‌ನಲ್ಲಿ ಎಲ್ಲರದೂ ಒಂದೇ ಭಾಷೆ, ಹಾಗಾಗಿ ಯಾರು ಯಾವ ಸಮುದಾಯ ಅನ್ನೋದೇ ತಿಳಿಯಲ್ಲ.

ಮೊದಲು ಆಡಿಯೋವನ್ನು ಟರ್ಕಿಶ್‌ಗೆ ಬದಲಿಸಿ, ಸಬ್‌ಟೈಟಲ್ ಹಾಕಿಕೊಳ್ಳಿ. ಯಹೂದಿಯಾದ ಮಟಿಲ್ಡಾ ತನ್ನವರ ಜೊತೆ ಆಗಾಗ ಆಡುವ ಮಾತು ಟರ್ಕಿಶ್ ಅಲ್ಲ, ಲಾಡಿನೋ. 1492ರಲ್ಲಿ ಸ್ಪೇನ್‌ನಿಂದ ಹೊರಹಾಕಿಸಿಕೊಂಡ ಯಹೂದಿಗಳು ಜೊತೆಗೆ ತಂದ ಭಾಷೆ ಅದು. ಟ್ಯಾಕ್ಸಿ ಓಡಿಸುವ ಇಸ್ಮೆತ್ ಮುಸ್ಲಿಂ, ಅವನಿಗೆ ಅದು ಗೊತ್ತಿಲ್ಲ. ಮಟಿಲ್ಡಾ ಎಲ್ಲಿ ಯಾವ ಭಾಷೆಗೆ ಹೊರಳುತ್ತಾಳೆ ಅಂತ ಕಿವಿಗೊಟ್ಟು ಕೇಳಿ, ಅವಳ ಭಯ ಅಲ್ಲೇ ಸಿಗುತ್ತೆ.

ಆಮೇಲೆ ಟರ್ಕಿ ಸರ್ಕಾರ ಹಾಕಿದ 1942ರ ಸಂಪತ್ತು ತೆರಿಗೆ ಬಗ್ಗೆ ಹತ್ತು ನಿಮಿಷ ಓದಿ, ಟರ್ಕಿಶ್‌ನಲ್ಲಿ ವಾರ್ಲಿಕ್ ವೆರ್ಗಿಸಿ ಅಂತಾರೆ. ಯಹೂದಿ, ಗ್ರೀಕ್, ಅರ್ಮೇನಿಯನ್ನರ ಮೇಲೆ ಮುಸ್ಲಿಮರಿಗಿಂತ ಎಷ್ಟೋ ಪಟ್ಟು ಜಾಸ್ತಿ ತೆರಿಗೆ ಹಾಕಿದರು, ಕಟ್ಟೋಕೆ ಕೊಟ್ಟಿದ್ದು ಹದಿನೈದು ದಿನ, ಮೇಲ್ಮನವಿಗೆ ಜಾಗವೇ ಇರಲಿಲ್ಲ, ಕಟ್ಟಲಾಗದವರ ಅಂಗಡಿ ಮನೆ ಹರಾಜು ಹಾಕಿ ಗಂಡಸರನ್ನು ದೂರದ ಅಶ್ಕಾಲೆಯ ಶಿಬಿರಕ್ಕೆ ದುಡಿಯೋಕೆ ಕಳಿಸಿದರು. ಮಟಿಲ್ಡಾ ಜೈಲಿಗೆ ಹೋದ ಕಥೆ ಇದಕ್ಕೇ ತಗುಲಿಕೊಂಡಿದೆ. ಹೇಗೆ ಅಂತ ಇಲ್ಲಿ ಹೇಳಿದರೆ ನಿಮಗೆ ಅನ್ಯಾಯ.

ಎಷ್ಟನೇ ಕಂತಿನಲ್ಲಿದ್ದೀರಿ ಅಂತ ನೀವು ಬರೆದಿಲ್ಲ. ಮೊದಲ ಸೀಸನ್ ಮುಗಿದಿಲ್ಲ ಅಂದರೆ 1955ರ ಸೆಪ್ಟೆಂಬರ್ 6 ಮತ್ತು 7ರಂದು ಇಸ್ತಾಂಬುಲ್‌ನಲ್ಲಿ ಏನಾಯ್ತು ಅಂತ ಈಗಲೇ ಹುಡುಕಬೇಡಿ. ಇಷ್ಟು ಮಾಡಿಕೊಂಡು ಮೊದಲ ಕಂತನ್ನೇ ಮತ್ತೆ ಹಾಕಿ ನೋಡಿ.